ಕುಲುಮೆಯ ಒಳಗೆ ಎಷ್ಟು ಬಿಸಿ?

ಕಬ್ಬಿಣವನ್ನು ಕಾಯಿಸಿ ಬಡಿಯುವುದಕ್ಕೆ ಇದ್ದಿಲೂ ತಿದಿಯೂ ಇರಲೇಬೇಕೆಂಬ ನಿಯಮವೇನೂ ಇಲ್ಲ. ಅಗಲವಾದ ಕಬ್ಬಿಣದ ಕೊಳವೆಯ ಒಂದು ತುಂಡು, ಅದರ ಒಳಮೈಗೆ ಎರಡು ಅಂಗುಲ ದಪ್ಪದ ಸೆರಾಮಿಕ್ ನೂಲಿನ ಹೊದಿಕೆ, ಹೊದಿಕೆಯ ಮೇಲೆ ಬೆಂಕಿಯನ್ನು ತಾಳಬಲ್ಲ ಮಣ್ಣಿನ ಲೇಪ, ತಳಕ್ಕೆ ಬೆಂಕಿ ಇಟ್ಟಿಗೆ, ಮಗ್ಗುಲಿನಿಂದ ಒಳಹೊಕ್ಕ ಒಂದು ಅನಿಲದ ಬರ್ನರ್—ಇಷ್ಟಿದ್ದರೆ ಅನಿಲದ ಕುಲುಮೆ ಸಿದ್ಧವಾಯಿತು. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಹವ್ಯಾಸಕ್ಕಾಗಿ ಚಾಕು, ಉಳಿ, ಕೊಕ್ಕೆಗಳನ್ನು ಮಾಡುವವರು ಇಂತಹ ಕುಲುಮೆಗಳನ್ನು ತಮ್ಮ ಹಿತ್ತಲಿನಲ್ಲಿಯೇ ಕಟ್ಟಿಕೊಳ್ಳುತ್ತಾರೆ. ಅನಿಲವನ್ನು ಹೊತ್ತಿಸಿದ ಸ್ವಲ್ಪ ಹೊತ್ತಿನಲ್ಲಿಯೇ ಒಳಗೋಡೆ ಮೊದಲು ಕೆಂಪಾಗಿ, ಬಳಿಕ ಕಿತ್ತಳೆಯಾಗಿ ಬೆಳಗತೊಡಗುತ್ತದೆ. ಈಗ ಒಳಗೆ ಉಷ್ಣತೆ ಎಷ್ಟಿದೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯ ಒಂದು ತುಂಡಿನಿಂದ ಉಳಿಯನ್ನು ಮಾಡಬೇಕಾಗಿದೆ ಎನ್ನೋಣ. ಅದನ್ನು ಬಡಿದು ರೂಪಿಸುವುದಕ್ಕೆ 1000ದಿಂದ 1150 ಡಿಗ್ರಿ ಸೆಲ್ಸಿಯಸ್ ಬೇಕು. ರೂಪ ಬಂದ ಮೇಲೆ ಅದನ್ನು ಗಡಸು ಮಾಡಬೇಕಾದರೆ 830 ಡಿಗ್ರಿಯ ಆಚೀಚೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. 700 ಡಿಗ್ರಿಯಲ್ಲಿಯೇ ಅದ್ದಿದರೆ ಉಕ್ಕು ಗಡಸಾಗುವುದೇ ಇಲ್ಲ. 1000 ಡಿಗ್ರಿಯನ್ನು ದಾಟಿಸಿ, ಅಲ್ಲಿಯೇ ಕೆಲಕಾಲ ನಿಲ್ಲಿಸಿ ಅದ್ದಿದರೆ ಗಡಸೇನೋ ಆಗುತ್ತದೆ. ಆದರೆ ಅದರ ಹರಳುಗಳು ದೊಡ್ಡದಾಗಿ ಬೆಳೆದು ಉಕ್ಕು ಪೆಡಸಾಗುತ್ತದೆ. ಈ ಎರಡು ದೋಷಗಳೂ ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಅಲಗು ಮೊದಲ ಪೆಟ್ಟಿಗೆ ಮಡಿಚಿಕೊಂಡಾಗಲೋ, ಚೂರು ಸಿಡಿದು ಮುಖಕ್ಕೆ ಹಾರಿದಾಗಲೋ ತಿಳಿಯುತ್ತದೆ.

ಕುಲುಮೆಗೆ ಒಂದು ತೂತು ಕೊರೆದು, ಉಷ್ಣಮಾಪಕವನ್ನು ತೂರಿಸಿ ಅಂಕಿಯನ್ನು ಓದಿಕೊಂಡರಾಯಿತಲ್ಲ ಎಂದು ತೋರಬಹುದು. ತೊಡಕಿರುವುದು ಅಲ್ಲಿಯೇ. ‘ಕುಲುಮೆಯ ಉಷ್ಣತೆ’ ಎಂಬ ಒಂದೇ ಒಂದು ಸಂಖ್ಯೆ ಇರುವುದಿಲ್ಲ. ಶಾಖವು ಎಲ್ಲಿಗೂ ಸೋರದಿದ್ದರೆ ಅಡುಗೆ ಅನಿಲದ ಜ್ವಾಲೆ 2000 ಡಿಗ್ರಿಯ ಹತ್ತಿರಕ್ಕೆ ಹೋಗಬಲ್ಲದು. ಅದೇ ಹೊತ್ತಿನಲ್ಲಿ ಗೋಡೆ 1200 ಡಿಗ್ರಿಯಲ್ಲಿರಬಹುದು. ಈಗತಾನೇ ಇಟ್ಟ ಉಕ್ಕಿನ ತುಂಡು ಇನ್ನೂ 400 ಡಿಗ್ರಿಯಲ್ಲಿಯೇ ಇರಬಹುದು. ಇವುಗಳ ನಡುವೆ ನಿಂತ ಉಷ್ಣಮಾಪಕವು ತಿಳಿಸುವುದು ಇವುಗಳಲ್ಲಿ ಯಾವುದರ ಉಷ್ಣತೆಯನ್ನೂ ಅಲ್ಲ, ತನ್ನ ಸ್ವಂತ ಉಷ್ಣತೆಯನ್ನು. ಅದು ನಮಗೆ ಬೇಕಾದ ಉಷ್ಣತೆಯೇ ಆಗುವಂತೆ ಏರ್ಪಾಡು ಮಾಡುವುದು ಅಳೆಯುವವನ ಕೆಲಸ.

ಎಲ್ಲಕ್ಕಿಂತ ಹಳೆಯ ಸಾಧನವಾದ ಕಮ್ಮಾರನ ಕಣ್ಣಿನಿಂದಲೇ ಆರಂಭಿಸೋಣ. 1847ರಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ವಿಜ್ಞಾನಿಯು ನ್ಯೂಯಾರ್ಕಿನಲ್ಲಿ ಬೇರೆ ಬೇರೆ ಘನವಸ್ತುಗಳನ್ನು ಕಾಯಿಸಿ ನೋಡಿ, ಅವೆಲ್ಲವೂ ಸುಮಾರು 525 ಡಿಗ್ರಿಯಲ್ಲಿಯೇ ಮಬ್ಬುಗೆಂಪಾಗಿ ಬೆಳಗತೊಡಗುತ್ತವೆ ಎಂದು ತೋರಿಸಿದನು. ಅಲ್ಲಿಂದ ಮೇಲಕ್ಕೆ 800ರ ಸುಮಾರಿನಲ್ಲಿ ತಿಳಿಗೆಂಪು, 950ರಲ್ಲಿ ಕಿತ್ತಳೆ, 1100ರಲ್ಲಿ ಹಳದಿ, 1300ರಲ್ಲಿ ಬಿಳಿಗೆ ಸಮೀಪವಾದ ಬಣ್ಣ. ಬಣ್ಣವನ್ನು ನಂಬುವುದು ಅವೈಜ್ಞಾನಿಕವೆಂದು ಮೂಗು ಮುರಿಯಬೇಕಾಗಿಲ್ಲ. 1100 ಕೆಲ್ವಿನ್‌ನಲ್ಲಿರುವ, ಎಂದರೆ ಸುಮಾರು 827 ಡಿಗ್ರಿ ಸೆಲ್ಸಿಯಸ್ ಬಿಸಿಯಾದ, ಉಕ್ಕಿನ ವಿಕಿರಣದ ಶಿಖರವು 2.6 ಮೈಕ್ರಾನಿನಲ್ಲಿ, ಕಣ್ಣಿಗೆ ಕಾಣದ ಅವಗೆಂಪು ವಲಯದಲ್ಲಿದೆ. ನಮ್ಮ ಕಣ್ಣಿಗೆ ಸಿಗುವುದು ಅದರ ಬಾಲದ ತುದಿ ಮಾತ್ರ. ಆದರೆ ಈ ತುದಿಯು ಉಷ್ಣತೆಯೊಡನೆ ಬಹು ಕಡಿದಾಗಿ ಏರುತ್ತದೆ. ಪ್ಲಾಂಕನ ಸೂತ್ರದಿಂದ ಲೆಕ್ಕ ಹಾಕಿದರೆ, 0.65 ಮೈಕ್ರಾನಿನ ಕೆಂಪು ಬೆಳಕಿನ ತೀವ್ರತೆಯು ಇಲ್ಲಿ ನಿರಪೇಕ್ಷ ಉಷ್ಣತೆಯ ಸುಮಾರು 20ನೆಯ ಘಾತದಂತೆ ಹೆಚ್ಚುತ್ತದೆ. ಉಷ್ಣತೆಯು ನೂರಕ್ಕೆ ಒಂದರಷ್ಟು, ಎಂದರೆ 11 ಡಿಗ್ರಿ ಏರಿದರೆ ಕೆಂಪು ಬೆಳಕು ನೂರಕ್ಕೆ 20ರಷ್ಟು ಹೆಚ್ಚುತ್ತದೆ! ಪಳಗಿದ ಕಣ್ಣು ಈ ವ್ಯತ್ಯಾಸವನ್ನು ಗುರುತಿಸಬಲ್ಲದು.

ಕಣ್ಣಿನ ಕೊರತೆ ಬೇರೆಯದು. ಅದು ಹೊಳಪನ್ನು ಅಳೆಯುವುದಿಲ್ಲ, ಸುತ್ತಲಿನ ಬೆಳಕಿನೊಡನೆ ಹೋಲಿಸುತ್ತದೆ. ಕತ್ತಲಲ್ಲಿ ಢಾಳಾಗಿ ಕೆಂಪಾಗಿ ಕಾಣುವ ಸರಳು ಮಧ್ಯಾಹ್ನದ ಬಿಸಿಲಿನಲ್ಲಿ ಕಪ್ಪಗೆ ಕಾಣುತ್ತದೆ. ನಮ್ಮ ಹಳ್ಳಿಗಳ ಹಳೆಯ ಕಮ್ಮಾರಸಾಲೆಗಳು ಮಬ್ಬುಗತ್ತಲಿನಲ್ಲಿರುವುದನ್ನು ವಾಚಕರು ಗಮನಿಸಿರಬಹುದು. ಆ ಮಬ್ಬು ಉಷ್ಣಮಾಪನಕ್ಕೆ ಬೇಕಾದ ಉಪಕರಣಗಳಲ್ಲೊಂದು.

ಬೆಳಗುವ ಕುಲುಮೆಯ ಒಳಗೆ ಇಣುಕಿದಾಗ ಇನ್ನೊಂದು ಸ್ವಾರಸ್ಯವುಂಟು. ತಣ್ಣನೆಯ ಸರಳನ್ನು ಒಳಗಿಟ್ಟಾಗ ಅದು ಹಿನ್ನೆಲೆಯ ಎದುರು ಕಪ್ಪಾಗಿ ಎದ್ದು ಕಾಣುತ್ತದೆ. ಕಾದಂತೆಲ್ಲ ಅದರ ಅಂಚುಗಳು ಮಸುಕಾಗುತ್ತ ಬಂದು, ಕೊನೆಗೆ ಸರಳು ಗೋಡೆಯೊಳಗೆ ಕರಗಿಹೋದಂತೆ ಮಾಯವಾಗುತ್ತದೆ. ಎಲ್ಲ ಕಡೆಯಿಂದಲೂ ಮುಚ್ಚಿ, ಒಂದೇ ಉಷ್ಣತೆಯಲ್ಲಿರುವ ಗೂಡಿನ ಒಳಗೆ ಯಾವ ವಸ್ತುವನ್ನಿಟ್ಟರೂ, ಅದು ಕಪ್ಪಾಗಿರಲಿ ಹೊಳಪಾಗಿರಲಿ, ಅದು ಹೊಮ್ಮಿಸುವ ಮತ್ತು ಪ್ರತಿಫಲಿಸುವ ಬೆಳಕಿನ ಮೊತ್ತ ಒಂದೇ ಆಗಿರುತ್ತದೆ. 1859ರಲ್ಲಿ ಕಿರ್ಖಾಫ್ ಈ ಸಂಗತಿಯ ತಳಹದಿಯನ್ನು ಹಾಕಿಕೊಟ್ಟನು. ಕೃಷ್ಣಕಾಯದ ಕಲ್ಪನೆ ಹುಟ್ಟಿದ್ದೂ ಇಲ್ಲಿಂದಲೇ. ಆದುದರಿಂದ, ಸರಳು ಗೋಡೆಗಿಂತ ಮಂಕಾಗಿ ಕಾಣುವವರೆಗೂ ಅದು ಗೋಡೆಗಿಂತ ತಣ್ಣಗಿದೆ. ಅದರ ಅಂಚು ಕಾಣದಂತಾದಾಗ ಇವೆರಡೂ ಸಮ. ಎಷ್ಟು ಡಿಗ್ರಿ ಎಂಬುದನ್ನು ಇದು ತಿಳಿಸುವುದಿಲ್ಲ. ಆದರೆ ಸಮವಾಯಿತೇ ಇಲ್ಲವೇ ಎಂಬುದನ್ನು ಯಾವ ಯಂತ್ರವೂ ಇಲ್ಲದೆ ತಿಳಿಸುತ್ತದೆ.

ಕಮ್ಮಾರರ ಎರಡನೆಯ ಸಾಧನ ಅಯಸ್ಕಾಂತ. ಕಬ್ಬಿಣವು 770 ಡಿಗ್ರಿಯಲ್ಲಿ ತನ್ನ ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಕ್ಯೂರಿ ಬಿಂದುವೆಂದು ಹೆಸರು. 1895ರಲ್ಲಿ ಈ ವಿಷಯದ ಮೇಲೆ ವಿಸ್ತಾರವಾದ ಸಂಶೋಧನೆಯನ್ನು ಪ್ರಕಟಿಸಿದ ಪಿಯೇರ್ ಕ್ಯೂರಿಯ ನೆನಪಿಗಾಗಿ. ತಂತಿಯಲ್ಲಿ ತೂಗುಬಿಟ್ಟ ಅಯಸ್ಕಾಂತಕ್ಕೆ ಸರಳನ್ನು ಇಕ್ಕಳದಿಂದ ಹಿಡಿದು ಮುಟ್ಟಿಸಿದರೆ, ಹಿಡಿಯುತ್ತದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಅಯಸ್ಕಾಂತವನ್ನು ಕುಲುಮೆಯ ಒಳಗೆ ತೂರಿಸಕೂಡದು. ಅದೇ ಕಾಂತಗುಣವನ್ನು ಕಳೆದುಕೊಂಡೀತು. ಇಲ್ಲಿ ಒಂದು ಸೂಕ್ಷ್ಮವಿದೆ. ಉಕ್ಕಿನಲ್ಲಿ ನೂರಕ್ಕೆ 0.8ರಷ್ಟು ಇಂಗಾಲವಿದ್ದರೆ, 727 ಡಿಗ್ರಿಯನ್ನು ದಾಟುತ್ತಲೇ ಅದರ ಹರಳಿನ ರಚನೆಯೇ ಬದಲಾಗಿ, ಕಾಂತಗುಣವಿಲ್ಲದ ಹೊಸ ರಚನೆ ಉಂಟಾಗುತ್ತದೆ. ಅಂತಹ ಉಕ್ಕಿನಲ್ಲಿ ಅಯಸ್ಕಾಂತವು 770ರ ತನಕ ಕಾಯದೆ ಮೊದಲೇ ಕೈಬಿಡುತ್ತದೆ. ಗಡಸು ಮಾಡುವವನಿಗೆ ಬೇಕಾದದ್ದೂ ಈ ಹೊಸ ರಚನೆಯೇ ತಾನೆ? ಆದುದರಿಂದ ಅಯಸ್ಕಾಂತವು ಉಷ್ಣತೆಯನ್ನು ಸರಿಯಾಗಿ ತಿಳಿಸದಿದ್ದರೂ ಉಕ್ಕಿನ ಸ್ಥಿತಿಯನ್ನು ತಿಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ, ಅಗ್ಗದ ಯಂತ್ರವೊಂದರ ಅಂಕಿಗೂ ಅಯಸ್ಕಾಂತಕ್ಕೂ ಜಗಳ ಬಂದರೆ ಅಯಸ್ಕಾಂತದ ಮಾತನ್ನೇ ಮೊದಲು ಕೇಳಬೇಕು.

ಬಿಡುವಿಲ್ಲದೆ ಉಷ್ಣತೆಯ ಮೇಲೆ ಕಣ್ಣಿಡಬೇಕಾದರೆ ಉಷ್ಣಯುಗ್ಮವೇ ಆಗಬೇಕು. ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಬೆಸುಗೆಯನ್ನು ಬಿಸಿಯಲ್ಲಿಯೂ ಇನ್ನೊಂದು ತುದಿಯನ್ನು ತಣ್ಣಗೂ ಇರಿಸಿದರೆ ಮಂಡಲದಲ್ಲಿ ವಿದ್ಯುತ್ತು ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡುಹಿಡಿದದ್ದು ಇದನ್ನೇ. ಮನೆಯ ಕುಲುಮೆಗೆ ಸಾಮಾನ್ಯವಾಗಿ ಬಳಸುವುದು ‘ಕೆ’ ಬಗೆಯ ಉಷ್ಣಯುಗ್ಮ. ಅದರ ಒಂದು ತಂತಿ ನಿಕಲ್-ಕ್ರೋಮಿಯಂ ಮಿಶ್ರಲೋಹ, ಇನ್ನೊಂದು ಮುಖ್ಯವಾಗಿ ನಿಕಲ್-ಅಲ್ಯೂಮಿನಿಯಂ. ಇದು 1260 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ. ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ.

ಉಷ್ಣಯುಗ್ಮ ಅಳೆಯುವುದು ಎರಡು ತುದಿಗಳ ನಡುವಣ ಅಂತರವನ್ನು ಎಂಬುದನ್ನು ಮರೆಯಬಾರದು. ವೋಲ್ಟ್ ಮೀಟರು 32.07 ಮಿಲಿವೋಲ್ಟ್ ತೋರಿಸಿತೆನ್ನಿ. ಅದರ ತಣ್ಣನೆಯ ತುದಿ 30 ಡಿಗ್ರಿಯ ಕೋಣೆಯಲ್ಲಿದೆ. ಕೋಷ್ಟಕದ ಪ್ರಕಾರ 30 ಡಿಗ್ರಿಗೆ 1.20 ಮಿಲಿವೋಲ್ಟ್. ಇದನ್ನು ಕೂಡಿಸಿದರೆ 33.27, ಕೋಷ್ಟಕದಲ್ಲಿ ಇದಕ್ಕೆ ಎದುರಾಗಿ ಸಿಗುವುದು 800 ಡಿಗ್ರಿ. ಕೂಡಿಸಲು ಮರೆತರೆ 770 ಎಂದು ಓದುತ್ತೇವೆ. ಈಗಿನ ಅಂಕಿ ತೋರಿಸುವ ಉಪಕರಣಗಳು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತವೆ ಎಂಬುದು ನಿಜ. ಆದರೆ ಅವು ಕೂಡಿಸುವುದು ತಮ್ಮ ಪೆಟ್ಟಿಗೆಯೊಳಗಿನ ಉಷ್ಣತೆಯನ್ನು. ಉಷ್ಣಯುಗ್ಮದ ತಂತಿ ಸಾಲದೆ ನಡುವೆ ಸಾಮಾನ್ಯ ತಾಮ್ರದ ತಂತಿಯನ್ನು ಸೇರಿಸಿದರೆ, ನಿಜವಾದ ತಣ್ಣನೆಯ ತುದಿ ಆ ಜೋಡಣೆಯ ಸ್ಥಳವೇ ಆಗುತ್ತದೆ. ಅದು ಕುಲುಮೆಯ ಮಗ್ಗುಲಲ್ಲಿ 80 ಡಿಗ್ರಿಗೆ ಕಾದಿದ್ದರೆ 50 ಡಿಗ್ರಿ ಕಾಣೆಯಾಯಿತು! ಅದೇ ಜಾತಿಯ ಪೂರಕ ತಂತಿಯನ್ನು, ಧನ ಋಣಗಳು ಅದಲುಬದಲಾಗದಂತೆ ಜೋಡಿಸುವುದೇ ಇದಕ್ಕೆ ಉಪಾಯ. ವಿದ್ಯಾರ್ಥಿಗಳು ತಾವೇ ಜೋಡಿಸಿಕೊಳ್ಳುವ ಉಪಕರಣಗಳಲ್ಲಿ ಹೆಚ್ಚಾಗಿ ಕಾಣುವ ಮ್ಯಾಕ್ಸ್ 6675 ಎಂಬ ಚಿಪ್ಪಿಗೆ ಇನ್ನೊಂದು ಮಿತಿಯುಂಟು. ಅದು ಕಾಲು ಡಿಗ್ರಿಯಂತೆ 4096 ಮೆಟ್ಟಿಲುಗಳನ್ನು ಎಣಿಸುತ್ತದೆ. ಎಂದರೆ 1024 ಡಿಗ್ರಿಗೆ ಅದರ ಏಣಿಯೇ ಮುಗಿಯಿತು. ಗಡಸು ಮಾಡುವುದಕ್ಕೆ ಅದು ಸಾಕು, ಬಡಿಯುವ ಉಷ್ಣತೆಗೆ ಸಾಲದು.

ಇನ್ನು ಉಷ್ಣಯುಗ್ಮವನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಜ್ವಾಲೆ ನೇರವಾಗಿ ಬಡಿಯುವಲ್ಲಿಟ್ಟರೆ ಅದು ಉಕ್ಕಿಗಿಂತ ಬಹಳ ಹೆಚ್ಚನ್ನು ತೋರಿಸುತ್ತದೆ. ಬಾಯಿಯ ಹತ್ತಿರವಿಟ್ಟರೆ ಕಡಿಮೆ. ಬಾಯಿಯ ಪ್ರಭಾವ ಇಷ್ಟೇಕೆ ಎಂಬುದಕ್ಕೆ ಸ್ಟೆಫಾನನ ನಿಯಮದಿಂದ ಒಂದು ಲೆಕ್ಕ ಮಾಡೋಣ. ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ. 1200 ಡಿಗ್ರಿ ಎಂದರೆ 1473 ಕೆಲ್ವಿನ್. ಆಗ ಪ್ರತಿ ಚದರ ಸೆಂಟಿಮೀಟರಿನಿಂದ 26.7 ವ್ಯಾಟ್ ಹೊರಬೀಳುತ್ತದೆ. 10 ಸೆಂಟಿಮೀಟರ್ ಚೌಕದ ಬಾಯಿಯಿಂದ ಸೋರುವುದು 2670 ವ್ಯಾಟ್. ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ಕಾಯಿಲುಗಳು ಎರಡನ್ನು ಹಗಲೆಲ್ಲ ಬೀದಿಗೆ ಉರಿಸಿದಂತೆ! ಅನಿಲದ ಲೆಕ್ಕದಲ್ಲಿ ಗಂಟೆಗೆ 200 ಗ್ರಾಮಿಗೂ ಮಿಕ್ಕಿದ ನಷ್ಟ ಇದೊಂದರಿಂದಲೇ. ಬಾಯಿಗೆ ಎರಡು ಇಟ್ಟಿಗೆಗಳನ್ನು ಅಡ್ಡವಿಟ್ಟು ಕಿರಿದುಮಾಡಿದರೆ ಅನಿಲವೂ ಉಳಿಯಿತು, ಒಳಗಿನ ಉಷ್ಣತೆಯೂ ಹೆಚ್ಚು ಸಮವಾಯಿತು. ಹೊಗೆಯನಿಲ ಹೊರಹೋಗಲು ತಕ್ಕಷ್ಟು ದಾರಿಯನ್ನಂತೂ ಬಿಡಬೇಕು. ಉಷ್ಣಯುಗ್ಮದ ತುದಿಯು ಕೆಲಸದ ತುಂಡು ಕೂರುವ ಸ್ಥಳದ ಪಕ್ಕದಲ್ಲಿ, ಜ್ವಾಲೆಗೆ ಮರೆಯಾಗಿರಬೇಕು. ಅದರ ಕವಚದ ವ್ಯಾಸದ ಹತ್ತರಷ್ಟಾದರೂ ಉದ್ದ ಬಿಸಿಯ ಒಳಗಿರಬೇಕು. ಇಲ್ಲವಾದರೆ ಕವಚವೇ ತುದಿಯ ಶಾಖವನ್ನು ಹೊರಕ್ಕೆ ಸಾಗಿಸಿಬಿಡುತ್ತದೆ.

ಇದಕ್ಕಿಂತಲೂ ಒಳ್ಳೆಯ ಉಪಾಯವೊಂದಿದೆ. ಒಂದು ತುದಿ ಮುಚ್ಚಿದ, ದಪ್ಪಗೋಡೆಯ ಉಕ್ಕಿನ ಕೊಳವೆಯನ್ನು ಕುಲುಮೆಯ ಒಳಗೆ ಉದ್ದಕ್ಕೂ ಇಟ್ಟು, ಉಳಿಯನ್ನೂ ಉಷ್ಣಯುಗ್ಮದ ತುದಿಯನ್ನೂ ಆ ಕೊಳವೆಯೊಳಗೆ ಅಕ್ಕಪಕ್ಕದಲ್ಲಿಡುವುದು. ಈಗ ಜ್ವಾಲೆ ಬಡಿಯುವುದು ಕೊಳವೆಗೆ. ಒಳಗಿರುವ ಎರಡಕ್ಕೂ ಕಾಣುವುದು ಒಂದೇ ಗೋಡೆ. ಕೊಳವೆಯ ಬಾಯನ್ನು ಹೊದಿಕೆಯ ತುಣುಕಿನಿಂದ ಮುಚ್ಚಿದರೆ ನಾವು ಆಗಲೇ ನೋಡಿದ ಕಿರ್ಖಾಫನ ಗೂಡು ಸಿದ್ಧವಾದಂತೆ. ಬಾಯನ್ನು ಸರಿಸಿ ಇಣುಕಿದಾಗ ಉಳಿಯ ಅಂಚು ಕಾಣದಿದ್ದರೆ, ಉಷ್ಣಯುಗ್ಮದ ಅಂಕಿಯೇ ಉಳಿಯ ಅಂಕಿ.

ಉಷ್ಣಯುಗ್ಮಕ್ಕೂ ಆಯುಸ್ಸುಂಟು. ಗಾಳಿ ಸಾಲದ, ಅನಿಲ ಮಿಕ್ಕಿದ ಉರಿಯಲ್ಲಿ, 800ರಿಂದ 1050 ಡಿಗ್ರಿಗಳ ನಡುವೆ, ತಂತಿಯಲ್ಲಿರುವ ಕ್ರೋಮಿಯಂ ಮಾತ್ರ ಆಯ್ದು ಉತ್ಕರ್ಷಣೆ ಹೊಂದಿ ಹಸಿರುಬಣ್ಣದ ಕೊಳೆ ಹಿಡಿಯುತ್ತದೆ. ಆಗ ವೋಲ್ಟೇಜು ಕುಗ್ಗಿ, ಯಂತ್ರವು ನಿಜಕ್ಕಿಂತ ಕಡಿಮೆ ಉಷ್ಣತೆಯನ್ನು ತೋರಿಸುತ್ತದೆ. ಅದನ್ನು ನಂಬಿ ಅನಿಲವನ್ನು ಹೆಚ್ಚಿಸುವವನು ತನ್ನ ಉಕ್ಕನ್ನು ಸುಡುತ್ತಾನೆ. ಅನಿಲ ಸೋಕದಂತೆ ಮುಚ್ಚಿದ ಸೆರಾಮಿಕ್ ಕವಚವು ಇದನ್ನು ತಡೆಯುತ್ತದೆ, ಆದರೆ ಕವಚ ದಪ್ಪವಾದಷ್ಟೂ ಅಂಕಿ ನಿಧಾನವಾಗಿ ಏರುತ್ತದೆ. ಪ್ಲಾಟಿನಂ-ರೋಡಿಯಂ ಉಷ್ಣಯುಗ್ಮವು ಇನ್ನೂ ಹೆಚ್ಚಿನ ಉಷ್ಣತೆಯನ್ನು ತಾಳುವುದಾದರೂ ಅದರ ಬೆಲೆ ಹವ್ಯಾಸಿಗೆ ಎಟುಕುವಂತಹುದಲ್ಲ.

ಗುರಿಯಿಟ್ಟು ಗುಂಡಿ ಒತ್ತಿದರೆ ಉಷ್ಣತೆ ಹೇಳುವ ಅವಗೆಂಪು ಉಷ್ಣಮಾಪಕ ಸಾಲದೆ ಎಂದು ಕೇಳುವವರುಂಟು. ಜ್ವರ ನೋಡುವುದಕ್ಕೆ ಬಳಸುವಂಥದ್ದು ಇಲ್ಲಿ ಕೆಲಸಕ್ಕೆ ಬಾರದು. ಅಂಗಡಿಯಲ್ಲಿ ಸಿಗುವ ಇತರ ಅಗ್ಗದವುಗಳೂ ಹೆಚ್ಚಾಗಿ 10 ಮೈಕ್ರಾನಿನ ಸುತ್ತಮುತ್ತಲ ವಿಕಿರಣವನ್ನು ನೋಡುತ್ತವೆ. ವಸ್ತುವಿನ ಮೈ ಕೃಷ್ಣಕಾಯಕ್ಕಿಂತ ಎಷ್ಟು ಕಡಿಮೆ ವಿಕಿರಣವನ್ನು ಹೊಮ್ಮಿಸುತ್ತದೆಂಬ ಅಂದಾಜು, ಎಂದರೆ ಉತ್ಸರ್ಜಕತೆಯ ಅಂದಾಜು, ನೂರಕ್ಕೆ 20ರಷ್ಟು ತಪ್ಪಿತೆನ್ನಿ. ಕೆಂಪು ಬೆಳಕನ್ನು ನೋಡುವ ಪೈರೋಮೀಟರಿನಲ್ಲಿ ಇದರಿಂದಾಗುವ ದೋಷ 11 ಡಿಗ್ರಿ. ಇದು ಹಿಂದೆ ಕಂಡ 20ನೆಯ ಘಾತದ ಮಹಿಮೆ. 10 ಮೈಕ್ರಾನಿನಲ್ಲಿ ಘಾತ 2ಕ್ಕೂ ಕಡಿಮೆ. ಅಲ್ಲಿ ಅದೇ ತಪ್ಪಿಗೆ 120 ಡಿಗ್ರಿಯಷ್ಟು ದೋಷ. ಕಣ್ಣಿಗೆ ಕಾಣುವ ಬಾಲದ ತುದಿಯೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ!

ಯಾವ ಸಾಧನವಾದರೂ ಅದನ್ನು ಒಮ್ಮೆ ಖಚಿತವಾದ ಬಿಂದುವಿಗೆ ಕಟ್ಟಿಹಾಕಬೇಕು. ಇಂಗ್ಲೆಂಡಿನ ಪ್ರಸಿದ್ಧ ಕುಂಬಾರ ಜೊಸಾಯ ವೆಜ್‌ವುಡ್ 1782ರಲ್ಲಿ ಒಂದು ಪೈರೋಮೀಟರನ್ನು ರಚಿಸಿದನು. ಜೇಡಿಮಣ್ಣಿನ ಬಿಲ್ಲೆ ಗೂಡಿನಲ್ಲಿ ಎಷ್ಟು ಕುಗ್ಗಿತೆಂಬುದೇ ಅದರ ಅಳತೆ. ಒಂದು ಗೂಡನ್ನು ಇನ್ನೊಂದರೊಡನೆ ಹೋಲಿಸಲು ಅದು ಬಹಳ ಉಪಯುಕ್ತವಾಗಿತ್ತು. ಆದರೆ ತನ್ನ ಅಳತೆಯನ್ನು ಫ್ಯಾರನ್‌ಹೀಟ್ ಡಿಗ್ರಿಗಳಿಗೆ ಪರಿವರ್ತಿಸುವಾಗ ಅವನು ಎಡವಿದನು. ಅವನ ಲೆಕ್ಕದಲ್ಲಿ ತಾಮ್ರ ಕರಗುವುದು 4587 ಫ್ಯಾರನ್‌ಹೀಟ್, ಎಂದರೆ 2530 ಸೆಲ್ಸಿಯಸ್ ಡಿಗ್ರಿಯಲ್ಲಿ! ನಿಜವಾದ ಬೆಲೆ 1084.6. ನಮಗೆ ಈ ಕಷ್ಟವಿಲ್ಲ. ಅಡುಗೆ ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ. ಗಡಸು ಮಾಡುವ ಉಷ್ಣತೆಗೆ ಇಷ್ಟು ಸಮೀಪವಾದ, ಇಷ್ಟು ಅಗ್ಗವಾದ ಬಿಂದು ಬೇರೊಂದಿಲ್ಲ. ಚೆನ್ನಾಗಿ ಒಣಗಿಸಿದ ಉಪ್ಪಿನ ಒಂದು ಚಿಟಿಕೆಯನ್ನು ತಗಡಿನ ತುಂಡಿನ ಮೇಲಿಟ್ಟು, ಕೊಳವೆಯೊಳಗೆ ಉಷ್ಣಯುಗ್ಮದ ತುದಿಗೆ ತಾಗಿಸಿ, ಉಷ್ಣತೆಯನ್ನು ನಿಧಾನವಾಗಿ ಏರಿಸಬೇಕು. ಹರಳುಗಳು ನೀರಿನಂತೆ ತಿಳಿಯಾದ ಗಳಿಗೆಯ ಅಂಕಿಯನ್ನು ಗುರುತು ಹಾಕಿಕೊಳ್ಳಬೇಕು. ಯಂತ್ರವು 785 ಎಂದರೆ ಅಲ್ಲಿ ಅದು 16 ಡಿಗ್ರಿ ಕಡಿಮೆ ಹೇಳುತ್ತಿದೆ ಎಂದರ್ಥ. ಕರಗಿದ ಉಪ್ಪಿಗೆ ನೀರಿನ ಹನಿ ಸೋಕಿದರೆ ಸಿಡಿದು ಸುಡುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು.

ಎಚ್ಚರಿಕೆಯ ಮಾತು ಬಂದುದರಿಂದ ಇನ್ನೆರಡು. ಗಾಳಿ ಸಾಲದ ಉರಿ ವಾಸನೆಯಿಲ್ಲದ ವಿಷವಾದ ಕಾರ್ಬನ್ ಮಾನಾಕ್ಸೈಡನ್ನು ಹೊರಬಿಡುತ್ತದೆ. ಆದುದರಿಂದ ಕುಲುಮೆ ಬಯಲಿನಲ್ಲಿ ಇಲ್ಲವೇ ತೆರೆದ ಜಗಲಿಯಲ್ಲಿರಬೇಕು, ಮುಚ್ಚಿದ ಕೋಣೆಯಲ್ಲಿ ಕೂಡದು. ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಮನೆಯಡುಗೆಗೆಂದು ಕೊಡುವ 14.2 ಕಿಲೋಗ್ರಾಮಿನ ಸಿಲಿಂಡರನ್ನು ಇಂತಹ ಕೆಲಸಕ್ಕೆ ಬಳಸಲು ನಮ್ಮ ಕಾನೂನು ಒಪ್ಪುವುದಿಲ್ಲ. ಕಾಲೇಜಿನ ಕಾರ್ಯಾಗಾರದಲ್ಲಿ, ತಿಳಿದವರ ಎದುರಿನಲ್ಲಿ ಮಾಡುವುದೇ ಸರಿ.

ಅಲ್ಲಿ ಮಾಡಿನೋಡಬಹುದಾದ ಒಂದು ಪ್ರಯೋಗವಿದೆ. ಹಳೆಯ ಅರವೊಂದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ ಮೆದುಮಾಡಿ, ಅದರ ತುದಿಯಲ್ಲಿ ಒಂದು ಆಳವಾದ ತೂತು ಕೊರೆಯಿರಿ. ತೆಳುವಾದ ಉಷ್ಣಯುಗ್ಮವನ್ನು ಆ ತೂತಿನೊಳಗೆ ಸೇರಿಸಿ. ಈಗ ಉಷ್ಣಯುಗ್ಮದ ಸುತ್ತ ಇರುವುದು ಉಕ್ಕು ಮಾತ್ರ. ಯಾರ ಉಷ್ಣತೆ ಎಂಬ ಪ್ರಶ್ನೆಯೇ ಇಲ್ಲ. ಅರವನ್ನು ಕೊಳವೆಯೊಳಗೆ 850 ಡಿಗ್ರಿಗೆ ಕಾಯಿಸಿ, ಅನಿಲವನ್ನು ನಿಲ್ಲಿಸಿ, ಅದು ಆರುತ್ತಿರುವಾಗ ಹತ್ತು ಸೆಕೆಂಡಿಗೊಮ್ಮೆ ಅಂಕಿಯನ್ನು ಬರೆದುಕೊಂಡು ನಕ್ಷೆ ಎಳೆಯಿರಿ. ಒಂದೇ ಸಮನೆ ಇಳಿಯುತ್ತಿದ್ದ ಗೆರೆಯು 700 ಡಿಗ್ರಿಯ ಸಮೀಪದಲ್ಲಿ ತಡೆದು ನಿಲ್ಲುತ್ತದೆ. ಕೆಲವು ವೇಳೆ ತುಸು ಮೇಲಕ್ಕೂ ಏರುತ್ತದೆ. ಹರಳಿನ ರಚನೆ ಮರಳಿ ಬದಲಾಗುವಾಗ, ತನ್ನಲ್ಲಿ ಅಡಗಿಸಿಕೊಂಡಿದ್ದ ಶಾಖವನ್ನು ಉಕ್ಕು ಹೊರಬಿಡುವುದೇ ಇದಕ್ಕೆ ಕಾರಣ. ಅರವನ್ನು ಹೊರತೆಗೆದು ಕತ್ತಲಲ್ಲಿ ಆರಲು ಬಿಟ್ಟರೆ, ಮಂಕಾಗುತ್ತಿದ್ದ ಉಕ್ಕು ಒಮ್ಮೆ ಮತ್ತೆ ಬೆಳಗುವುದನ್ನು ಕಣ್ಣಾರೆ ಕಾಣಬಹುದು. 1873ರಲ್ಲಿ ಬ್ಯಾರೆಟ್ ಈ ಮರುಬೆಳಗನ್ನು ಕಂಡು ಹೆಸರಿಟ್ಟನು. ಅಯಸ್ಕಾಂತವೂ ಸರಿಯಾಗಿ ಆ ಹೊತ್ತಿಗೇ ಅರವನ್ನು ಮತ್ತೆ ಹಿಡಿಯುತ್ತದೆ. ಅರದ ಬದಲು ಇಂಗಾಲ ಕಡಿಮೆಯಿರುವ ಮೆದು ಕಬ್ಬಿಣದ ಸರಳನ್ನು ತೆಗೆದುಕೊಂಡರೆ ಈ ಮೆಟ್ಟಿಲು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿ ರಚನೆಯ ಬದಲಾವಣೆಯು ಇನ್ನೂ ಮೇಲಿನಿಂದಲೇ ಆರಂಭವಾಗಿ ನೂರಕ್ಕೂ ಮಿಕ್ಕಿದ ಡಿಗ್ರಿಗಳಲ್ಲಿ ಹರಡಿಕೊಂಡಿರುತ್ತದೆ.